ಚರ್ಮವೈದ್ಯರು ಏನನ್ನು ನೋಡುತ್ತಾರೆ?

ನಿಮ್ಮ ಊರಿನ ಪೇಟೆ ಬೀದಿಯಲ್ಲೋ ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲೋ ಚರ್ಮವೈದ್ಯರ ಬೋರ್ಡೊಂದನ್ನು ನೀವು ನೋಡಿರುತ್ತೀರಿ. ಅದರ ಮೇಲೆ ಸಾಮಾನ್ಯವಾಗಿ ಮೂರು ಹೆಸರುಗಳು ಜೊತೆಯಾಗಿ ಇರುತ್ತವೆ: ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗ. ಈ ಮೂರನ್ನೂ ಒಂದೇ ಹಲಗೆಯ ಮೇಲೆ ಓದಿ, ಯಾರಾದರೂ ಕಂಡಾರೆಂದು ಮೆಟ್ಟಿಲು ಹತ್ತದೆ ಹಿಂದಿರುಗಿದವರಿದ್ದಾರೆ. ಆದ್ದರಿಂದ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ ವೈದ್ಯರು ಈ ವಿಷಯದಲ್ಲಿ ಮೂರು ವರ್ಷದ ಎಂ.ಡಿ. ಓದುವಾಗ ಮೂರನ್ನೂ ಸೇರಿಸಿಯೇ ಕಲಿಯುತ್ತಾರೆ. ಪದವಿಯ ಮುಂದೆ ಕಾಣುವ ಡಿ.ವಿ.ಎಲ್. ಎಂಬ ಅಕ್ಷರಗಳು ಸೂಚಿಸುವುದು ಇದನ್ನೇ. ಕಾರಣ ಸರಳವಾದದ್ದು. ಕುಷ್ಠವೂ ಸಿಫಿಲಿಸ್‌ನಂಥ ಲೈಂಗಿಕ ಸೋಂಕುಗಳೂ ಬಹುಮಟ್ಟಿಗೆ ಮೊದಲು ಕಾಣಿಸಿಕೊಳ್ಳುವುದು ಚರ್ಮದ ಮೇಲೆ. ಚರ್ಮವನ್ನು ನೋಡಿ ಪಳಗಿದ ಕಣ್ಣಿಗೆ ಅವು ಬೇಗ ಸಿಗುತ್ತವೆ. ಮೊಡವೆಗೆ ಬಂದವರೂ ತಲೆಹೊಟ್ಟಿಗೆ ಬಂದವರೂ ಅದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಕೂದಲು ಮತ್ತು ಉಗುರು ಕೂಡ ಚರ್ಮದ ಭಾಗಗಳೇ ಆಗಿರುವುದರಿಂದ ಅವುಗಳ ತೊಂದರೆಗೂ ಇವರೇ ವೈದ್ಯರು.

ಈ ಶಾಸ್ತ್ರಕ್ಕೆ ಒಂದು ವಿಶೇಷ ಕಷ್ಟವಿದೆ. ಹೃದಯದ ಕವಾಟ ಕೆಟ್ಟರೆ ಅಕ್ಕಪಕ್ಕದವರು ಔಷಧ ಹೇಳುವುದಿಲ್ಲ. ತೋಳಿನ ಮೇಲೆ ಒಂದು ಕಲೆ ಎದ್ದರೆ ಮಾತ್ರ ಹತ್ತು ಮಂದಿ ಹತ್ತು ಮುಲಾಮು ಹೇಳುತ್ತಾರೆ. ಚರ್ಮ ಎಲ್ಲರ ಕಣ್ಣಿಗೂ ಕಾಣುವುದೇ ಇದಕ್ಕೆ ಕಾರಣ. ಕಾಣುವುದು ಬೇರೆ, ಗುರುತಿಸುವುದು ಬೇರೆ. ಚರ್ಮವೈದ್ಯರ ಕೆಲಸದ ಬಹುಪಾಲು ಈ ಗುರುತಿಸುವಿಕೆಯೇ. ಅದು ಹೇಗೆ ನಡೆಯುತ್ತದೆ ಎಂಬುದನ್ನು ನಿಮಗೆ ಒಂದೊಂದೇ ಹೆಜ್ಜೆಯಾಗಿ ತೋರಿಸಬೇಕೆಂಬುದು ನನ್ನ ಆಸೆ. ನಿಮಗೆ ಜೀವಶಾಸ್ತ್ರ ಗೊತ್ತಿರಬೇಕಾಗಿಲ್ಲ, ಕುತೂಹಲವೊಂದಿದ್ದರೆ ಸಾಕು.

ಮೊದಲು ಚರ್ಮದ ರಚನೆಯನ್ನು ನೋಡೋಣ. ಚರ್ಮವು ದೇಹದ ಅತಿ ದೊಡ್ಡ ಅಂಗ. ವಯಸ್ಕರೊಬ್ಬರ ಚರ್ಮವನ್ನು ಬಿಡಿಸಿ ಹರಡಿದರೆ ಒಂದೂವರೆಯಿಂದ ಎರಡು ಚದರ ಮೀಟರಿನಷ್ಟಾಗುತ್ತದೆ. ಅದರಲ್ಲಿ ಮುಖ್ಯವಾಗಿ ಎರಡು ಪದರಗಳು, ಅವುಗಳ ಕೆಳಗೆ ಕೊಬ್ಬಿನ ಮೆತ್ತೆ. ಮೇಲಿನದು ಹೊರಚರ್ಮ. ಕಣ್ಣಿನ ರೆಪ್ಪೆಯ ಮೇಲೆ ಅದು ಅತ್ಯಂತ ತೆಳುವಾಗಿಯೂ ಅಂಗಾಲಿನಲ್ಲಿ ಅತ್ಯಂತ ದಪ್ಪವಾಗಿಯೂ ಇರುತ್ತದೆ. ಇದರಲ್ಲಿ ರಕ್ತನಾಳಗಳಿಲ್ಲ. ಕೆಳಗಿನದು ಒಳಚರ್ಮ. ರಕ್ತನಾಳ, ನರದ ತುದಿ, ಬೆವರಿನ ಗ್ರಂಥಿ, ಕೂದಲಿನ ಬುಡ, ಎಣ್ಣೆಯಂಥ ಜಿಡ್ಡನ್ನು ಸ್ರವಿಸುವ ಗ್ರಂಥಿ, ಇವೆಲ್ಲ ಇರುವುದು ಅಲ್ಲಿ.

ಹೊರಚರ್ಮದ ತಳದಲ್ಲಿ ಜೀವಕೋಶಗಳು ಸದಾ ಹುಟ್ಟುತ್ತಿರುತ್ತವೆ. ಹುಟ್ಟಿದ ಕೋಶ ಮೆಲ್ಲಗೆ ಮೇಲಕ್ಕೆ ಸರಿಯುತ್ತದೆ, ಸರಿಯುತ್ತಾ ಚಪ್ಪಟೆಯಾಗುತ್ತದೆ, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು ಸಾಯುತ್ತದೆ, ಕೊನೆಗೆ ನಮಗೆ ಗೊತ್ತಾಗದಂತೆ ಉದುರುತ್ತದೆ. ಈ ಪಯಣಕ್ಕೆ ಸುಮಾರು ನಾಲ್ಕು ವಾರ ಬೇಕು. ಮೇಲ್ಭಾಗದಲ್ಲಿ ಸತ್ತ ಕೋಶಗಳು ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಒತ್ತಾಗಿ ಕುಳಿತಿರುತ್ತವೆ. ಅವುಗಳ ನಡುವೆ ಜಿಡ್ಡಿನ ತೆಳು ಪದರವಿರುತ್ತದೆ. ಹೊರಗಿನ ರೋಗಾಣು ಒಳಗೆ ಬಾರದಂತೆ, ಒಳಗಿನ ನೀರು ಹೊರಗೆ ಹೋಗದಂತೆ ತಡೆಯುವುದು ಈ ಪದರವೇ. ಬಿಸಿನೀರು, ಖಾರವಾದ ಸಾಬೂನು, ಉಜ್ಜುಗಲ್ಲು ಇವು ಮೊದಲು ಕೆಡಿಸುವುದೂ ಇದನ್ನೇ.

ಹೊರಚರ್ಮದ ತಳದಲ್ಲೇ ಇನ್ನೊಂದು ಬಗೆಯ ಕೋಶಗಳಿವೆ. ಅವುಗಳನ್ನು ಮೆಲನೊಸೈಟ್ ಎನ್ನುತ್ತಾರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುವುದು ಅವುಗಳ ಕೆಲಸ. ಕಪ್ಪು ಮೈಯವರಲ್ಲೂ ಬಿಳಿ ಮೈಯವರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಭಿನ್ನವಾಗುವುದು ಮೆಲನಿನ್ ಎಷ್ಟು, ಯಾವ ಬಗೆಯದು ಎಂಬುದು. ಮೆಲನಿನ್ ಬಿಸಿಲಿನ ಹಾನಿಕಾರಕ ಕಿರಣಗಳನ್ನು ಹೀರಿಕೊಂಡು ಕೋಶಗಳನ್ನು ಕಾಯುತ್ತದೆ. ಕಪ್ಪು ಮೈಬಣ್ಣ ಒಂದು ರೋಗವಲ್ಲ, ಅದಕ್ಕೆ ಚಿಕಿತ್ಸೆಯೂ ಬೇಕಿಲ್ಲ. ಈ ಮಾತನ್ನು ಇಲ್ಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಮುಂದೆ ಇದರ ಅಗತ್ಯ ಬೀಳುತ್ತದೆ.

ಈಗ ವೈದ್ಯರ ಕೋಣೆಯೊಳಗೆ ಬನ್ನಿ. ಅಲ್ಲಿ ದೊಡ್ಡ ಯಂತ್ರಗಳಿಲ್ಲದಿದ್ದರೆ ಅಚ್ಚರಿಪಡಬೇಡಿ. ಮುಖ್ಯವಾಗಿ ಬೇಕಾದದ್ದು ಒಳ್ಳೆಯ ಬೆಳಕು. ವೈದ್ಯರು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಕಾಣುತ್ತಿರುವುದು ಯಾವ ಜಾತಿಯದು ಎಂದು. ಕೈಗೆ ತಾಗದೆ ಬಣ್ಣ ಮಾತ್ರ ಬದಲಾಗಿದ್ದರೆ ಅದು ಕಲೆ. ಉಬ್ಬಿದ್ದರೆ ಗುಳ್ಳೆ. ಒಳಗೆ ತಿಳಿನೀರಿದ್ದರೆ ನೀರುಗುಳ್ಳೆ, ಕೀವಿದ್ದರೆ ಕೀವುಗುಳ್ಳೆ. ಉಬ್ಬಿ ಅಗಲವಾಗಿ ಹರಡಿದ್ದರೆ ದಪ್ಪ ಪಟ್ಟೆ. ಮೇಲೆ ಒಣಪುಡಿ ಉದುರುತ್ತಿದ್ದರೆ ಹೊಟ್ಟು. ಇವು ಈ ಶಾಸ್ತ್ರದ ಅಕ್ಷರಮಾಲೆ. ಎರಡನೆಯ ಪ್ರಶ್ನೆ, ಅವು ಎಲ್ಲಿವೆ, ಹೇಗೆ ಜೋಡಣೆಯಾಗಿವೆ ಎಂದು. ಮೂರನೆಯದು, ಎಂದು ಶುರುವಾಯಿತು, ಯಾವ ಹೊತ್ತಿನಲ್ಲಿ ತುರಿಸುತ್ತದೆ, ಮನೆಯಲ್ಲಿ ಬೇರೆಯವರಿಗೂ ಇದೆಯೇ ಎಂದು.

ಎರಡನೆಯ ಪ್ರಶ್ನೆ ಎಷ್ಟು ಬೆಲೆಯುಳ್ಳದ್ದೆಂದು ಸರ್ಪಸುತ್ತಿನಲ್ಲಿ ನೋಡಿ. ಎದೆಯ ಅಥವಾ ಹೊಟ್ಟೆಯ ಒಂದೇ ಪಕ್ಕದಲ್ಲಿ, ಬೆನ್ನಿನಿಂದ ಮುಂದಕ್ಕೆ ಪಟ್ಟಿಯಾಗಿ ನೀರುಗುಳ್ಳೆಗಳು ಸಾಲುಗಟ್ಟುತ್ತವೆ, ಉರಿಯುತ್ತವೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬನ್ನು ತಂದ ವೈರಸ್ಸು ನರದ ಬುಡದಲ್ಲಿ ವರ್ಷಗಟ್ಟಲೆ ಅಡಗಿದ್ದು, ಪ್ರತಿರೋಧ ಕುಂದಿದಾಗ ಆ ಒಂದು ನರದ ದಾರಿಯಲ್ಲೇ ಹೊರಬರುತ್ತದೆ. ಆ ನರ ದೇಹದ ಅರ್ಧಭಾಗಕ್ಕೆ ಮಾತ್ರ ಸೇರಿದ್ದರಿಂದ ಗುಳ್ಳೆಗಳು ನಡುಗೆರೆಯಲ್ಲಿ ನಿಲ್ಲುತ್ತವೆ. ಸುತ್ತು ಪೂರ್ತಿಯಾದರೆ ಜೀವಕ್ಕೆ ಅಪಾಯ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ಕೆಮ್ಮಣ್ಣು ಹಚ್ಚಿ ವಾರಗಟ್ಟಲೆ ಕಾಯುವುದರಲ್ಲಿ ನಷ್ಟವಿದೆ. ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಸ್ ವಿರೋಧಿ ಮಾತ್ರೆ ಶುರುವಾದರೆ ಅದರ ಫಲ ಹೆಚ್ಚು. ಕಣ್ಣಿನ ಹತ್ತಿರ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರಂತೂ ಅದೇ ದಿನ ಹೋಗಬೇಕು. ದೃಷ್ಟಿಗೆ ಪೆಟ್ಟು ಬೀಳಬಹುದು.

ಇಷ್ಟು ತಿಳಿದ ಮೇಲೆ, ನಮ್ಮ ಮನೆಗಳಲ್ಲಿ ಅತ್ಯಂತ ಹೆಚ್ಚು ಭಯ ಹುಟ್ಟಿಸುವ ಸಂಗತಿಗೆ ಬರೋಣ: ಬಿಳಿ ಕಲೆ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಗುರುತಿಸುವಿಕೆಯ ಇಡೀ ಪಾಠ ಇದರೊಳಗಿದೆ. ಬಿಳಿ ಅಥವಾ ಮಾಸಿದ ಕಲೆಯೊಂದಿಗೆ ನಾಲ್ಕು ಮಂದಿ ಬಂದಿದ್ದಾರೆಂದು ಭಾವಿಸಿ.

ಮೊದಲನೆಯದು ಏಳೆಂಟು ವರ್ಷದ ಮಗು. ಕೆನ್ನೆಯ ಮೇಲೆ ಅಂಚು ಸ್ಪಷ್ಟವಿಲ್ಲದ, ಸ್ವಲ್ಪ ಮಾಸಿದ ಕಲೆಗಳಿವೆ, ಮುಟ್ಟಿದರೆ ಒರಟು. ಹೊಟ್ಟೆಯಲ್ಲಿ ಜಂತುಹುಳುವಿದೆ ಎಂದೋ ಕ್ಯಾಲ್ಸಿಯಂ ಕಡಿಮೆಯಿದೆ ಎಂದೋ ಮನೆಯವರು ನಂಬಿರುತ್ತಾರೆ. ಇದು ಪಿಟಿರಿಯಾಸಿಸ್ ಆಲ್ಬಾ, ಒಣಚರ್ಮದ ಮಕ್ಕಳಲ್ಲಿ ಬರುವ ಬಹಳ ಸೌಮ್ಯವಾದ ಉರಿಯೂತ. ಬಿಸಿಲಿನಲ್ಲಿ ಸುತ್ತಲಿನ ಚರ್ಮ ಕಂದಿದಾಗ ಕಲೆ ಎದ್ದು ಕಾಣುತ್ತದೆ. ಎಣ್ಣೆಪಸೆಯ ಲೇಪನವೇ ಮುಖ್ಯ ಚಿಕಿತ್ಸೆ, ಕಾಲಕ್ರಮದಲ್ಲಿ ತಾನೇ ಹೋಗುತ್ತದೆ.

ಎರಡನೆಯವರು ಬೆವರಿ ದುಡಿಯುವ ಯುವಕ. ಎದೆ, ಬೆನ್ನು, ಕುತ್ತಿಗೆಯ ಮೇಲೆ ಸಣ್ಣ ಸಣ್ಣ ಕಲೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಉಗುರಿನಿಂದ ಮೆಲ್ಲಗೆ ಗೀರಿದರೆ ನುಣ್ಣನೆಯ ಹೊಟ್ಟು ಏಳುತ್ತದೆ. ಇದನ್ನೇ ನಾವು ಸಿಬ್ಬು ಎನ್ನುವುದು. ಎಲ್ಲರ ಚರ್ಮದ ಮೇಲೂ ಸಾಧಾರಣವಾಗಿ ವಾಸಿಸುವ ಮಲಸೀಜಿಯಾ ಎಂಬ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ, ಸೆಕೆ ಮತ್ತು ಬೆವರಿನಲ್ಲಿ ಅತಿಯಾಗಿ ಬೆಳೆದಾಗ ಇದು ಬರುತ್ತದೆ. ಔಷಧದಿಂದ ಶಿಲೀಂಧ್ರ ಕೆಲವೇ ವಾರದಲ್ಲಿ ಸಾಯುತ್ತದೆ. ಬಣ್ಣ ಮರಳಲು ಮಾತ್ರ ತಿಂಗಳುಗಳು ಹಿಡಿಯುತ್ತವೆ. ಇದು ಗೊತ್ತಿಲ್ಲದವರು ಔಷಧ ಫಲಿಸಲಿಲ್ಲವೆಂದು ವೈದ್ಯರಿಂದ ವೈದ್ಯರಿಗೆ ಅಲೆಯುತ್ತಾರೆ.

ಮೂರನೆಯವರ ತುಟಿಯ ಅಂಚಿನಲ್ಲಿ, ಬೆರಳ ತುದಿಗಳಲ್ಲಿ, ಮೊಣಕಾಲ ಮೇಲೆ ಹಾಲಿನಷ್ಟು ಬಿಳಿಯಾದ ಕಲೆಗಳಿವೆ. ಹೊಟ್ಟಿಲ್ಲ, ತುರಿಕೆಯಿಲ್ಲ, ಸ್ಪರ್ಶ ಸರಿಯಾಗಿದೆ. ಇದು ತೊನ್ನು, ವೈದ್ಯರ ಮಾತಿನಲ್ಲಿ ವಿಟಿಲಿಗೊ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೆಲನೊಸೈಟ್‌ಗಳನ್ನು ಪರಕೀಯವೆಂದು ತಪ್ಪಾಗಿ ತಿಳಿದು ನಾಶಮಾಡುತ್ತದೆ. ಪ್ರಪಂಚದ ಜನರಲ್ಲಿ ನೂರಕ್ಕೆ ಅರ್ಧದಿಂದ ಇಬ್ಬರಷ್ಟು ಮಂದಿಗೆ ಇದು ಇದೆ ಎಂಬುದು ಅಂದಾಜು. ಅಂಟುವುದಿಲ್ಲ. ಮೀನು ತಿಂದು ಹಾಲು ಕುಡಿದದ್ದರಿಂದ ಬರುವುದಿಲ್ಲ. ಕುಷ್ಠಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ವೈದ್ಯರು ಕೋಣೆಯ ದೀಪ ಆರಿಸಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ಕಿರಣದ ದೀಪ ಹಿಡಿದರೆ ಈ ಕಲೆಗಳು ನೀಲಿ ಮಿಶ್ರಿತ ಬಿಳುಪಾಗಿ ಹೊಳೆಯುತ್ತವೆ. ಅದೇ ದೀಪದ ಕೆಳಗೆ ಸಿಬ್ಬು ಹೆಚ್ಚಾಗಿ ಹಳದಿಯ ಛಾಯೆ ತೋರುತ್ತದೆ. ಚಿಕಿತ್ಸೆಯಿಲ್ಲ ಎಂಬ ಮಾತೂ ಹಳೆಯದಾಯಿತು. ಮುಲಾಮುಗಳಿವೆ. 311 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಬೆಳಕನ್ನು ವಾರಕ್ಕೆ ಎರಡು ಮೂರು ಬಾರಿ ಕೊಡುವ ಬೆಳಕಿನ ಚಿಕಿತ್ಸೆಯಿದೆ. ಹರಡುವುದು ನಿಂತ ಕಲೆಗಳಿಗೆ ಆರೋಗ್ಯವಂತ ಚರ್ಮದಿಂದ ಬಣ್ಣದ ಕೋಶಗಳನ್ನು ತಂದು ನಾಟಿ ಮಾಡುವ ಶಸ್ತ್ರಕ್ರಿಯೆಯೂ ಇದೆ. ಮುಖದ ಮೇಲಿನ ಕಲೆ ಚೆನ್ನಾಗಿ ಸ್ಪಂದಿಸುತ್ತದೆ, ಬೆರಳ ತುದಿಯದು ಹಟಮಾರಿ. ಬಣ್ಣ ಮರಳುವಾಗ ಕೂದಲಿನ ಬುಡದಿಂದ ಸಣ್ಣ ಕಂದು ಚುಕ್ಕೆಗಳಾಗಿ ಶುರುವಾಗುತ್ತದೆ, ಏಕೆಂದರೆ ಉಳಿದ ಬಣ್ಣದ ಕೋಶಗಳು ಅಡಗಿರುವುದು ಅಲ್ಲೇ. ಪ್ರತಿವರ್ಷ ಜೂನ್ 25ನ್ನು ವಿಶ್ವ ವಿಟಿಲಿಗೊ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿ ಮದುವೆಯ ಮಾತುಕತೆಗಳಲ್ಲಿ ಈ ಕಲೆಗೆ ಕೊಡುವ ಶಿಕ್ಷೆ ರೋಗಕ್ಕಿಂತ ಕ್ರೂರವಾದದ್ದು ಎಂದು ನಾನು ತಿಳಿದಿದ್ದೇನೆ.

ನಾಲ್ಕನೆಯವರ ತೋಳಿನ ಮೇಲೆ ಒಂದೇ ಒಂದು ಮಾಸಿದ, ಸ್ವಲ್ಪ ಕೆಂಪಿನ ಕಲೆಯಿದೆ. ತುರಿಕೆಯಿಲ್ಲ, ನೋವಿಲ್ಲ, ಅದಕ್ಕಾಗಿಯೇ ಅವರು ತಡವಾಗಿ ಬಂದಿದ್ದಾರೆ. ವೈದ್ಯರು ಅವರಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟುತ್ತಾರೆ. ಸುತ್ತಲಿನ ಚರ್ಮದ ಮೇಲೆ ಮುಟ್ಟಿದ್ದು ಗೊತ್ತಾಗುತ್ತದೆ, ಕಲೆಯ ಮೇಲೆ ಗೊತ್ತಾಗುವುದಿಲ್ಲ. ಅಲ್ಲಿ ಬೆವರೂ ಕೂದಲೂ ಕಡಿಮೆ. ಮೊಣಕೈಯ ಹಿಂದಿನ ನರವನ್ನು ಬೆರಳಲ್ಲಿ ಒತ್ತಿ ನೋಡಿದರೆ ದಪ್ಪವಾಗಿರಬಹುದು. ಇದು ಕುಷ್ಠ. ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದರು. ಅದು ಬಹಳ ನಿಧಾನವಾಗಿ ಬೆಳೆಯುವ ಜೀವಿ. ಒಂದು ಎರಡಾಗಲು ಎರಡು ವಾರದಷ್ಟು ಸಮಯ ಬೇಕು, ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಸರಾಸರಿ ಐದು ವರ್ಷ. ಕೈಕುಲುಕಿದರೆ, ಜೊತೆಯಲ್ಲಿ ಉಂಡರೆ ಅಂಟುವ ರೋಗವಲ್ಲ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಇದರ ವಿರುದ್ಧ ಹುಟ್ಟಿನಿಂದಲೇ ಪ್ರತಿರೋಧವಿದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ, ರೋಗದ ಬಗೆಗೆ ತಕ್ಕಂತೆ ಆರು ಅಥವಾ ಹನ್ನೆರಡು ತಿಂಗಳಲ್ಲಿ, ಇದು ಪೂರ್ತಿ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧ ಉಚಿತ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಾನೂನನ್ನು ನಮ್ಮ ಸಂಸತ್ತು 2019ರಲ್ಲಿ ತೆಗೆದುಹಾಕಿತು. ಚಿಕಿತ್ಸೆ ತಡವಾದರೆ ಮಾತ್ರ ನರ ಸತ್ತು ಬೆರಳು ಮಡಚಿಕೊಳ್ಳುತ್ತವೆ, ಸ್ಪರ್ಶವಿಲ್ಲದ ಅಂಗಾಲಿನಲ್ಲಿ ಗಾಯಗಳಾಗುತ್ತವೆ. ರೋಗಾಣುವನ್ನು ಕೊಲ್ಲಬಹುದು, ಸತ್ತ ನರವನ್ನು ಬದುಕಿಸಲಾಗದು.

ನಾಲ್ಕು ಕಲೆ, ನಾಲ್ಕು ಕಾರಣ, ನಾಲ್ಕು ದಾರಿ. ದೂರದಿಂದ ನೋಡಿದವರಿಗೆ ನಾಲ್ಕೂ ಬಿಳಿ ಕಲೆಗಳೇ. ನಾಲ್ಕಕ್ಕೂ ಒಂದೇ ಮುಲಾಮು ಹಚ್ಚಿದರೆ ಏನಾದೀತೆಂದು ನೀವೇ ಊಹಿಸಬಲ್ಲಿರಿ.

ಹೀಗೆ ಗುರುತಿಸದೆ ಹಚ್ಚುವುದರಿಂದ ನಮ್ಮ ಕಾಲದಲ್ಲಿ ಆಗಿರುವ ಅತಿ ದೊಡ್ಡ ಅನಾಹುತ ಹುಳುಕಡ್ಡಿಯದು. ಉತ್ತರ ಕರ್ನಾಟಕದ ಕಡೆ ಗಜಕರ್ಣ ಎನ್ನುವುದೂ ಇದನ್ನೇ. ಸತ್ತ ಕೋಶಗಳಲ್ಲಿರುವ ಕೆರಾಟಿನ್ ತಿಂದು ಬದುಕುವ ಶಿಲೀಂಧ್ರ ಇದಕ್ಕೆ ಕಾರಣ. ಅದು ಒಂದು ಬಿಂದುವಿನಿಂದ ಹೊರಕ್ಕೆ ಹರಡುತ್ತಾ ಹೋಗುವುದರಿಂದ ಅಂಚು ಕೆಂಪಾಗಿ ಉಬ್ಬಿ, ನಡುಭಾಗ ತಿಳಿಯಾಗಿ, ಉಂಗುರದ ಆಕಾರ ಬರುತ್ತದೆ. ತೊಡೆಯ ಸಂದು, ಸೊಂಟ, ಕಂಕುಳು, ಸ್ತನದ ಕೆಳಭಾಗ, ಬಟ್ಟೆ ಬಿಗಿಯಾಗಿ ಬೆವರು ನಿಲ್ಲುವ ಜಾಗಗಳೆಲ್ಲ ಅದಕ್ಕೆ ಇಷ್ಟ. ಸೀರೆಯ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಹೆಂಗಸರಿಗೆ ಇದು ತುಂಬ ಸಾಮಾನ್ಯ.

ಔಷಧದಂಗಡಿಯಲ್ಲಿ ತುರಿಕೆಯೆಂದು ಕೇಳಿದರೆ ಕೈಗೆ ಬರುವ ಟ್ಯೂಬಿನಲ್ಲಿ ಬಹಳ ಸಲ ಮೂರು ಔಷಧಗಳ ಮಿಶ್ರಣವಿರುತ್ತದೆ: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಕ್ಲೊಬೆಟಸಾಲ್‌ನಂಥ ಪ್ರಬಲ ಸ್ಟೀರಾಯ್ಡ್. ಸ್ಟೀರಾಯ್ಡ್ ಎಂದರೆ ಉರಿಯೂತವನ್ನು ತಗ್ಗಿಸುವ ಹಾರ್ಮೋನು ಜಾತಿಯ ಔಷಧ. 1952ರಲ್ಲಿ ಮೊದಲ ಸ್ಟೀರಾಯ್ಡ್ ಲೇಪನದ ಪ್ರಯೋಜನ ವರದಿಯಾದಾಗ ಚರ್ಮವೈದ್ಯಶಾಸ್ತ್ರದ ದಿಕ್ಕೇ ಬದಲಾಯಿತು, ಇಂದಿಗೂ ಸರಿಯಾದ ರೋಗಕ್ಕೆ ಅದು ಅಮೂಲ್ಯ. ಆದರೆ ಹುಳುಕಡ್ಡಿಯ ಮೇಲೆ ಹಚ್ಚಿದಾಗ ಆಗುವುದು ಹೀಗೆ. ಶಿಲೀಂಧ್ರದೊಡನೆ ಹೋರಾಡುತ್ತಿದ್ದ ದೇಹದ ಪ್ರತಿರೋಧವನ್ನೇ ಅದು ಅಡಗಿಸುತ್ತದೆ. ಹೋರಾಟ ನಿಂತದ್ದರಿಂದ ಕೆಂಪೂ ತುರಿಕೆಯೂ ಎರಡೇ ದಿನದಲ್ಲಿ ಇಳಿಯುತ್ತವೆ. ಗುಣವಾಯಿತೆಂದು ನೀವು ನಿಲ್ಲಿಸುತ್ತೀರಿ. ಅಡ್ಡಿಯಿಲ್ಲದೆ ಬೆಳೆದ ಶಿಲೀಂಧ್ರ ಇನ್ನೂ ಅಗಲವಾಗಿ ಮೇಲೆದ್ದು ಬರುತ್ತದೆ, ಮತ್ತೆ ಅದೇ ಟ್ಯೂಬು. ಕೆಲವು ತಿಂಗಳಲ್ಲಿ ಉಂಗುರದ ಆಕಾರವೇ ಕೆಟ್ಟು ವೈದ್ಯರಿಗೂ ಗುರುತು ಸಿಗದಂತಾಗುತ್ತದೆ, ತೊಡೆಯ ಚರ್ಮ ತೆಳುವಾಗಿ ಶಾಶ್ವತವಾದ ಬಿರುಕುಗೆರೆಗಳು ಮೂಡುತ್ತವೆ. ಭಾರತದಲ್ಲಿ ಹಬ್ಬಿದ ಒಂದು ಹಟಮಾರಿ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಹೆಸರಿಡಲಾಯಿತು. ಒಂದು ಕಾಲಕ್ಕೆ ನಂಬಿಗಸ್ತ ಔಷಧವಾಗಿದ್ದ ಟರ್ಬಿನಾಫಿನ್‌ಗೆ ಅದು ಬಹಳ ಸಲ ಬಗ್ಗುವುದಿಲ್ಲ. ಈಗ ಬೇರೆ ದೇಶಗಳಲ್ಲೂ ಕಾಣಿಸಿಕೊಂಡಿದೆ.

ವೈದ್ಯರು ಅಂಚಿನಿಂದ ಸ್ವಲ್ಪ ಹೊಟ್ಟು ಕೆರೆದು, ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚರ್ಮದ ಕೋಶಗಳು ಕರಗಿ ಶಿಲೀಂಧ್ರದ ಎಳೆಗಳು ಸ್ಪಷ್ಟವಾಗುತ್ತವೆ. ಅಗ್ಗದ, ನೋವಿಲ್ಲದ, ಕೆಲವೇ ನಿಮಿಷದ ಪರೀಕ್ಷೆ. ಬಳಿಕ ಕೊಡುವ ಔಷಧವನ್ನು ಕಲೆ ಮಾಯವಾದ ಮೇಲೂ ಅವರು ಹೇಳಿದಷ್ಟು ವಾರ ಮುಂದುವರಿಸಬೇಕು, ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು. ಟವೆಲ್, ಒಳಬಟ್ಟೆ ಹಂಚಿಕೊಳ್ಳಬಾರದು. ಒದ್ದೆ ಬಟ್ಟೆ ಉಡಬಾರದು, ಬಟ್ಟೆಯನ್ನು ಬಿಸಿಲಿಗೆ ಒಣಗಿಸಬೇಕು. ಮನೆಯಲ್ಲಿ ಇನ್ನೊಬ್ಬರಿಗಿದ್ದರೆ ಅವರೂ ಜೊತೆಗೇ ಚಿಕಿತ್ಸೆ ಪಡೆಯಬೇಕು.

ಇದೇ ಸ್ಟೀರಾಯ್ಡ್ ಇನ್ನೊಂದು ವೇಷದಲ್ಲಿ, ಬಿಳುಪಾಗಿಸುವ ಕ್ರೀಮಾಗಿ, ಮನೆ ಹೊಕ್ಕಿದೆ. ಮೊದಲ ವಾರಗಳಲ್ಲಿ ಮುಖ ನಿಜಕ್ಕೂ ತಿಳಿಯಾಗುತ್ತದೆ. ಆಮೇಲೆ ಕೆಂಪು, ಸಣ್ಣ ರಕ್ತನಾಳಗಳ ಗೆರೆ, ಮೊಡವೆ, ಬೇಡದ ಕೂದಲು. ಬಿಟ್ಟರೆ ಬಿಸಿಲು ಕೂಡ ತಾಳಲಾಗದ ಉರಿ. ಬಿಡಲಾರದೆ ಮತ್ತೆ ಹಚ್ಚುತ್ತಾರೆ. ಭಾರತೀಯ ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಳಿಂದ ದನಿಯೆತ್ತುತ್ತಿದೆ, 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಬಿಗಿ ಮಾಡಿತು. ಕಾನೂನಿಗಿಂತ ಮೊದಲು ನಾವು ಮೈಬಣ್ಣದ ಬಗ್ಗೆ ಮಕ್ಕಳ ಮುಂದೆ ಆಡುವ ಮಾತು ಬದಲಾಗಬೇಕು.

ತುರಿಕೆಯ ವಿಷಯಕ್ಕೆ ಬಂದರೆ, ಮೂರನೆಯ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕುಳ ಸುತ್ತ ಗುಳ್ಳೆ, ಮನೆಯಲ್ಲೋ ಹಾಸ್ಟೆಲಿನಲ್ಲೋ ಇನ್ನೂ ಕೆಲವರಿಗೆ ಅದೇ ತೊಂದರೆ: ಇಷ್ಟು ಕೇಳಿದರೆ ಸಾಕು, ಕಜ್ಜಿಯ ಗುಮಾನಿ ಬರುತ್ತದೆ. ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ನುಸಿಯೊಂದು ಹೊರಚರ್ಮದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಮೊದಲ ಸಲ ಅಂಟಿದಾಗ ತುರಿಕೆ ಶುರುವಾಗಲು ಒಂದು ತಿಂಗಳೇ ಆಗುವುದರಿಂದ, ತುರಿಸದವರೂ ಅದನ್ನು ಹೊತ್ತಿರಬಹುದು. ಅದಕ್ಕಾಗಿಯೇ ಮನೆಮಂದಿಯೆಲ್ಲ ಒಂದೇ ರಾತ್ರಿ, ಕುತ್ತಿಗೆಯಿಂದ ಅಂಗಾಲಿನವರೆಗೆ, ಪರ್ಮೆಥ್ರಿನ್ ಲೇಪನ ಹಚ್ಚಿಕೊಳ್ಳಬೇಕು, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯುವುದುಂಟು.

ಕರ್ನಾಟಕದ ರೈತರಿಗೆ ಹೇಳಲೇಬೇಕಾದ ಇನ್ನೊಂದು ತುರಿಕೆಯಿದೆ. ಬೇಲಿ ಬದುಗಳಲ್ಲಿ ಬಿಳಿ ಹೂ ಬಿಟ್ಟು ನಿಲ್ಲುವ ಪಾರ್ಥೇನಿಯಂ, ನಾವು ಕಾಂಗ್ರೆಸ್ ಗಿಡ ಎನ್ನುವ ಕಳೆ, 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರೂ ಕಳೆ ಉಳಿದೇ ಇದೆ. ಅದರ ಒಣಗಿದ ಕಣಗಳು ಗಾಳಿಯಲ್ಲಿ ತೇಲಿ ಮೈಮೇಲೆ ಕೂತು, ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕಕ್ಕೆ ಕೆಲವರ ದೇಹ ಅಲರ್ಜಿ ಬೆಳೆಸಿಕೊಳ್ಳುತ್ತದೆ. ಅಲರ್ಜಿ ಎಂದರೆ ಬೇರೆಯವರಿಗೆ ಏನೂ ಮಾಡದ ವಸ್ತುವಿಗೆ ಒಬ್ಬರ ಪ್ರತಿರೋಧ ವ್ಯವಸ್ಥೆ ಅತಿಯಾಗಿ ಕೆರಳುವುದು. ಕಣ್ಣಿನ ರೆಪ್ಪೆ, ಕುತ್ತಿಗೆಯ ಮಡಿಕೆ, ಮೊಣಕೈಯ ಒಳಭಾಗ ಮೊದಲು ಕೆಂಪಾಗುತ್ತವೆ, ವರ್ಷಗಳು ಕಳೆದಂತೆ ಮುಖದ ಚರ್ಮವೇ ದಪ್ಪಗಾಗಿ ಕಪ್ಪಾಗುತ್ತದೆ. ಇದನ್ನು ಖಚಿತಪಡಿಸಲು ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಅನುಮಾನವಿರುವ ವಸ್ತುಗಳನ್ನು ಚಿಕ್ಕ ಬಟ್ಟಲುಗಳಲ್ಲಿಟ್ಟು ಬೆನ್ನಿಗೆ ಅಂಟಿಸಿ, 48 ಗಂಟೆಯ ನಂತರ ತೆಗೆದು ನೋಡಿ, ಇನ್ನೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಗಾರೆ ಕೆಲಸದವರ ಕೈಗೆ ಸಿಮೆಂಟಿನ ಕ್ರೋಮಿಯಂ, ಕೂದಲಿಗೆ ಕಪ್ಪು ಬಣ್ಣ ಹಚ್ಚುವವರಿಗೆ ಅದರಲ್ಲಿರುವ ಪಿಪಿಡಿ ಎಂಬ ರಾಸಾಯನಿಕ, ಅಗ್ಗದ ಓಲೆ ಸರಗಳ ನಿಕ್ಕಲ್, ಅಂಟಿಸುವ ಬಿಂದಿಯ ಗೋಂದು, ಇವೂ ಹೀಗೆಯೇ ಸಿಕ್ಕಿಬೀಳುತ್ತವೆ. ಗೇರು ಜಾತಿಯ ಮರಗಳ ಸೊನೆಯೂ ಹೀಗೆಯೇ ಚರ್ಮವನ್ನು ಕೆರಳಿಸುತ್ತದೆಂದು ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ.

ಉಳಿದವನ್ನು ಬೇಗ ಮುಟ್ಟಿ ಮುಂದೆ ಹೋಗುತ್ತೇನೆ. ಸೋರಿಯಾಸಿಸ್‌ನಲ್ಲಿ ನಾಲ್ಕು ವಾರದ ಕೋಶದ ಪಯಣ ನಾಲ್ಕೈದು ದಿನಕ್ಕೆ ಇಳಿಯುತ್ತದೆ, ಹೀಗಾಗಿ ಮೊಣಕೈ, ಮೊಣಕಾಲು, ತಲೆಯ ಮೇಲೆ ಬೆಳ್ಳಗಿನ ಹೊಟ್ಟು ಕಟ್ಟುತ್ತದೆ. ಅದು ಅಂಟುವುದಿಲ್ಲ, ಕೆಲವರಲ್ಲಿ ಕೀಲುಗಳಿಗೂ ಹರಡುತ್ತದೆ, ಹತೋಟಿಯಲ್ಲಿಡಲು ಇಂದು ಒಳ್ಳೆಯ ಔಷಧಗಳಿವೆ. ಮೊಡವೆಗೆ ಕಾರಣ ಮುಚ್ಚಿಹೋದ ಜಿಡ್ಡಿನ ಗ್ರಂಥಿ; ಔಷಧದ ಫಲ ಕಾಣಲು ಆರರಿಂದ ಎಂಟು ವಾರ ಬೇಕು, ಹಿಸುಕಿದರೆ ಗುಳಿ ಉಳಿಯುತ್ತದೆ. ಕೆನ್ನೆಯ ಮೇಲಿನ ಬಂಗು ಬಿಸಿಲಿನಿಂದಲೂ ಹಾರ್ಮೋನಿನಿಂದಲೂ ಕೆರಳುವುದರಿಂದ ಸನ್‌ಸ್ಕ್ರೀನ್ ಇಲ್ಲದೆ ಬೇರೆ ಯಾವ ಲೇಪನವೂ ನಿಲ್ಲದು. ಕುತ್ತಿಗೆಯ ಹಿಂದೆ ಮಖಮಲ್ಲಿನಂತೆ ದಪ್ಪಗಾದ ಕಪ್ಪನ್ನು ಕೊಳೆಯೆಂದು ಉಜ್ಜಬೇಡಿ. ಅದು ಬಹಳ ಸಲ ದೇಹ ಇನ್ಸುಲಿನ್ ಮಾತು ಕೇಳುತ್ತಿಲ್ಲ ಎಂಬುದರ, ಅಂದರೆ ಸಕ್ಕರೆ ಕಾಯಿಲೆ ಹತ್ತಿರ ಬರುತ್ತಿದೆ ಎಂಬುದರ ಸೂಚನೆ. ರಕ್ತ ಪರೀಕ್ಷೆ ಮಾಡಿಸಿ.

ಒಂದು ಸಂದರ್ಭದಲ್ಲಿ ಮಾತ್ರ ಕ್ಲಿನಿಕ್ಕಿನ ಸರದಿಗೆ ಕಾಯಬಾರದು. ಫಿಟ್ಸ್, ಗೌಟ್, ಸೋಂಕು ಅಥವಾ ನೋವಿಗೆ ಹೊಸ ಮಾತ್ರೆ ಶುರುಮಾಡಿದ ಕೆಲವು ವಾರಗಳೊಳಗೆ ಜ್ವರ ಬಂದು, ಬಾಯಿ ಹುಣ್ಣಾಗಿ, ಕಣ್ಣು ಕೆಂಪಾಗಿ, ಮೈಮೇಲೆ ನೋಯುವ ಕಪ್ಪುಗೆಂಪು ಕಲೆಗಳೆದ್ದು ಚರ್ಮ ಸುಲಿಯತೊಡಗಿದರೆ ಅದು ಸ್ಟೀವನ್ಸ್ ಜಾನ್ಸನ್ ಎಂಬ ತೀವ್ರ ಔಷಧ ಪ್ರತಿಕ್ರಿಯೆ ಇರಬಹುದು. ಆ ಮಾತ್ರೆಯನ್ನು ಕೂಡಲೇ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಹೋಗಬೇಕು.

ಇನ್ನು ನಿಮ್ಮ ಮೊದಲ ಭೇಟಿ. ಆ ದಿನ ಮುಖಕ್ಕೆ ಪೌಡರ್, ಉಗುರಿಗೆ ಬಣ್ಣ ಬೇಡ. ಬಂದು ಮಾಯವಾಗುವ ಗಂಧೆಯಂಥದ್ದಾದರೆ ಎದ್ದಾಗ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ವೈದ್ಯರು ಅಂಗಿ ಕಳಚಿ ಬೆನ್ನು ತೋರಿಸಿ ಎಂದರೆ ಸಂಕೋಚಪಡಬೇಡಿ. ಒಂದು ಕಲೆಯ ಉತ್ತರ ಇನ್ನೊಂದು ಕಡೆ ಇರುತ್ತದೆ. ಹೆಂಗಸರು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಗರ್ಭಿಣಿಯಾಗಿದ್ದರೆ ಅಥವಾ ಮಗು ಬೇಕೆಂದಿದ್ದರೆ ಮೊದಲೇ ತಿಳಿಸಿ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್‌ನಂಥ ಮಾತ್ರೆಗಳು ಭ್ರೂಣಕ್ಕೆ ತೀವ್ರ ಹಾನಿ ಮಾಡುತ್ತವೆ. ಮುಲಾಮು ಬರೆದುಕೊಟ್ಟಾಗ ಎಷ್ಟು ಹಚ್ಚಬೇಕೆಂದು ಕೇಳಿ. ತೋರುಬೆರಳಿನ ಮೊದಲ ಗೆಣ್ಣಿನಷ್ಟು ಉದ್ದ ಹಿಂಡಿದರೆ ಅದು ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂಬುದನ್ನೂ ಕೇಳಿ ಬರೆಸಿಕೊಳ್ಳಿ.

ನನ್ನ ಮುಖ್ಯ ಬೇಡಿಕೆ ಒಂದೇ. ಈವರೆಗೆ ಹಚ್ಚಿದ್ದನ್ನೆಲ್ಲ, ನೆಂಟರು ಕೊಟ್ಟದ್ದು, ಅಂಗಡಿಯವರು ಕೊಟ್ಟದ್ದು, ನಾಟಿ ಎಣ್ಣೆ, ಹೆಸರಿಲ್ಲದ ಡಬ್ಬಿ, ಯಾವುದನ್ನೂ ಮುಚ್ಚಿಡದೆ ಒಂದು ಚೀಲದಲ್ಲಿ ಹಾಕಿ ವೈದ್ಯರ ಮೇಜಿನ ಮೇಲಿಡಿ. ಹಿಂಡಿ ಬರಿದಾದ ಟ್ಯೂಬನ್ನೂ ಬಿಸಾಡಬೇಡಿ, ತೆಗೆದುಕೊಂಡೇ ಹೋಗಿ.